ಮಂಗ ಓಡಿಸುವ ಕ್ಯಾಮೆರಾ ಬೇಡವಂತೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇನ್ನೇನು ಮಾಡಲಿ?

ಕಾಳಿಸಂಗಮ, ಕಾರವಾರ:
ಎಲ್ಲರಿಗೂ ನಮಸ್ಕಾರ. ಇಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಶಿರಸಿಯ ಹತ್ತಿರ ನನ್ನ ಸೋದರಮಾವನ ಅಡಿಕೆ ತೋಟವಿದೆ. ಅಲ್ಲಿನ ಮಂಗಗಳ ಕಾಟ ನೋಡಿ, ಮಂಗ ಬಂದರೆ ಗುರುತಿಸಿ ಗರ್ನಾಲಿನ ಸದ್ದು ಮಾಡುವ ಕ್ಯಾಮೆರಾ ಮಾಡುತ್ತೇನೆಂದು ಬರೆದುಕೊಟ್ಟೆ. ಮಾರ್ಗದರ್ಶಕರು ಓದಿ ನಕ್ಕುಬಿಟ್ಟರು. ನಮ್ಮ ತರಗತಿಯಲ್ಲೇ ಇನ್ನೂ ಮೂರು ತಂಡಗಳು ಅದೇ ಮಂಗದ ಬೆನ್ನು ಹತ್ತಿವೆಯಂತೆ.

ನನ್ನ ಪ್ರಶ್ನೆ ಪ್ರಾಜೆಕ್ಟಿಗಿಂತ ಸ್ವಲ್ಪ ದೊಡ್ಡದು. ಸಂಕೇತ ಸಂಸ್ಕರಣೆ (ಸಿಗ್ನಲ್ ಪ್ರೊಸೆಸಿಂಗ್), ಇಮೇಜಿಂಗ್, ಸರ್ಕ್ಯೂಟ್ ವಿನ್ಯಾಸ ಇವುಗಳಲ್ಲಿ ಈಗ ನಿಜವಾಗಿ ಯಾವ ಸಂಶೋಧನೆ ನಡೆಯುತ್ತಿದೆ? ಕೇಳಿದವರೆಲ್ಲ ಎಐ ಕಲಿ, ಉಳಿದದ್ದೆಲ್ಲ ಮುಗಿದ ಕಥೆ ಎನ್ನುತ್ತಾರೆ. ಸಂಕೇತವನ್ನು ಬಿಡಿ ಬಿಡಿ ಆವೃತ್ತಿಗಳಾಗಿ (ಫ್ರೀಕ್ವೆನ್ಸಿ) ಒಡೆಯುವ ಗಣಿತವನ್ನು ನಾಲ್ಕು ವರ್ಷ ಫೂರಿಯೆ ಫೂರಿಯೆ ಎಂದು ಉರು ಹೊಡೆದದ್ದು ದಂಡವೇ?

ಕುಮಟಾ ಮಾಸ್ತರು:
ತಂಗಿ, ಮುಗಿದ ಕಥೆ ಎಂದವರಿಗೆ ಒಂದು ಲೆಕ್ಕ ಹಾಕಲು ಹೇಳು. ಗೋದಾಮಿನಲ್ಲಿ ಅಡಿಕೆಯ ನೂರು ಮೂಟೆಗಳಿವೆ. ಎಲ್ಲವೂ ಗೊತ್ತಿರುವ ಒಂದೇ ತೂಕ, ಒಂದೇ ಒಂದು ಮೂಟೆಯಲ್ಲಿ ಎರಡು ಕಿಲೋ ಕಡಿಮೆ. ಅದು ಯಾವುದೆಂದು ಹುಡುಕಲು ಎಷ್ಟು ಸಲ ತೂಗಬೇಕು? ಹಮಾಲರು ನೂರು ಸಲ ಎನ್ನುತ್ತಾರೆ. ಮೂಟೆಗಳಿಗೆ ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ಸೊನ್ನೆ ಮತ್ತು ಒಂದರಲ್ಲಿ ಬರೆದು, ಮೊದಲ ಸ್ಥಾನದಲ್ಲಿ ಒಂದು ಇರುವ ಮೂಟೆಗಳನ್ನೆಲ್ಲ ಒಟ್ಟಿಗೆ ಒಂದು ಸಲ, ಎರಡನೆಯ ಸ್ಥಾನದಲ್ಲಿ ಒಂದು ಇರುವವನ್ನು ಇನ್ನೊಂದು ಸಲ, ಹೀಗೆ ತೂಗುತ್ತ ಹೋದರೆ ಏಳು ಸಲ ಸಾಕು. ತೂಕ ಕಡಿಮೆ ಬಂದ ಸಲಕ್ಕೆ ಒಂದು, ಸರಿ ಬಂದ ಸಲಕ್ಕೆ ಸೊನ್ನೆ ಬರೆದರೆ ಅದೇ ಆ ಮೂಟೆಯ ಸಂಖ್ಯೆ. ಒಂದು ಷರತ್ತು ಮಾತ್ರ ಇದೆ. ದೋಷ ಇರುವುದು ಒಂದೇ ಮೂಟೆಯಲ್ಲಿ ಎಂದು ನಿನಗೆ ಮೊದಲೇ ಗೊತ್ತಿರಬೇಕು.

ನಾವು ಕಲಿತದ್ದು, ಕಲಿಸಿದ್ದು 1949ರಲ್ಲಿ ಶ್ಯಾನನ್ ಬರೆದಿಟ್ಟ ನಿಯಮ: ಸಂಕೇತದ ಅತಿ ಹೆಚ್ಚಿನ ಆವೃತ್ತಿಯ ಎರಡು ಪಟ್ಟು ವೇಗದಲ್ಲಿ ಅಳೆಯಬೇಕು. 2006ರಲ್ಲಿ ಒಂದು ಕಡೆ ಕ್ಯಾಂಡೆಸ್, ರೋಂಬರ್ಗ್, ಟಾವೊ, ಇನ್ನೊಂದು ಕಡೆ ಡೊನೊಹೊ, ಈ ಮೂಟೆಯ ಯುಕ್ತಿಯನ್ನೇ ಗಣಿತವಾಗಿಸಿದರು. ಸಂಕೇತದಲ್ಲಿ ಸಾರವಿರುವ ಅಂಶಗಳು ಕೆಲವೇ ಆಗಿದ್ದರೆ, ಅಳತೆಗಳನ್ನು ಕಲಸಿ ತೆಗೆದುಕೊಂಡು, ಕಡಿಮೆ ಅಳತೆಯಿಂದಲೂ ಪೂರ್ತಿ ಸಂಕೇತವನ್ನು ಮರಳಿ ಕಟ್ಟಬಹುದು ಎಂದರು. ಶ್ಯಾನನ್ ಸುಳ್ಳಾಗಲಿಲ್ಲ. ಮೊದಲೇ ಗೊತ್ತಿರುವ ವಿಷಯಕ್ಕೂ ಬೆಲೆ ಇದೆ ಎಂಬುದು ಲೆಕ್ಕಕ್ಕೆ ಬಂತು. ಮರುವರ್ಷವೇ ಲುಸ್ಟಿಗ್ ಮತ್ತು ಸಂಗಡಿಗರು ಇದನ್ನು ಎಂಆರ್‌ಐಗೆ ಹಚ್ಚಿದರು. ಅಲ್ಲಿಂದ ಮುಂದಿನದನ್ನು ಆ ಕೋಣೆಯಲ್ಲಿ ಕೆಲಸ ಮಾಡುವವರು ಹೇಳಲಿ.

ಯಲ್ಲಾಪುರ ಕೋಡು:
ಮಾಸ್ತರರ ಮೂಟೆ ಚೆನ್ನಾಗಿದೆ. ಆದರೆ ಈಗ ಆ ಗಣಿತದ ಜಾಗಕ್ಕೂ ನರಜಾಲಗಳು, ಅಂದರೆ ಉದಾಹರಣೆ ನೋಡಿ ಕಲಿಯುವ ಎಐ ತಂತ್ರಾಂಶಗಳು, ಬಂದು ಕುಳಿತಿವೆ. ನಾನು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತೇನೆ. ಮಸುಕಾದ ಚಿತ್ರ ಕೊಟ್ಟರೆ ಸ್ಪಷ್ಟ ಚಿತ್ರ ಬರುತ್ತದೆ, ಕತ್ತಲ ಚಿತ್ರ ಕೊಟ್ಟರೆ ಹಗಲಾಗುತ್ತದೆ. ಸರ್ಕ್ಯೂಟ್ ಮಾಡಲು ಪ್ರಪಂಚದಲ್ಲಿ ನಾಲ್ಕಾರು ಕಂಪನಿಗಳಿವೆ, ಅವು ಮಾಡಿಕೊಳ್ಳಲಿ. ತಂಗಿ, ಪೈಥಾನ್ ಕಲಿ, ಕೆಲಸ ಸಿಗುತ್ತದೆ.

ಹೊನ್ನಾವರ ಸ್ಕ್ಯಾನಿಂಗ್:
ನಾನು ಎಂಆರ್‌ಐ ಯಂತ್ರದ ಪಕ್ಕದಲ್ಲಿ ನಿಲ್ಲುವವಳು, ಆದ್ದರಿಂದ ಎರಡು ಮಾತು.

ಕಳೆದ ವರ್ಷ ಒಬ್ಬ ಅಜ್ಜ ಬಂದಿದ್ದರು. ಬೆನ್ನುನೋವು. ಕೊಳವೆಯೊಳಗೆ ಅಲ್ಲಾಡದೆ ಮಲಗಬೇಕೆಂದು ಮೂರು ಸಲ ಹೇಳಿದೆ. ಹತ್ತನೆಯ ನಿಮಿಷಕ್ಕೆ ಕೆಮ್ಮು ಶುರುವಾಯಿತು. ಚಿತ್ರದ ತುಂಬ ಅಲೆ ಅಲೆಯಾಗಿ ನೆರಳು. ಮತ್ತೆ ಮೊದಲಿನಿಂದ. ಅವರು ನಸುಕಿನಲ್ಲಿ ಎದ್ದು ಬಸ್ಸಿನಲ್ಲಿ ಬಂದವರು. ಇಂಥ ಕಡೆ ಅರ್ಧ ಸಮಯ ಉಳಿದರೂ ಅದು ದೊಡ್ಡ ಉಪಕಾರ. ಮಾಸ್ತರರು ಹೇಳಿದ ವಿಧಾನಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ. ಗಣಿತ ಬಂದು ಹನ್ನೊಂದು ವರ್ಷದ ಮೇಲೆ. ಈಗಿನ ಹೊಸ ಯಂತ್ರಗಳಲ್ಲಿ ನರಜಾಲದ ವಿಧಾನವೂ ಇದೆ. 2018ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್ ಸೇರಿ ಮೊಣಕಾಲು ಸ್ಕ್ಯಾನುಗಳ ಕಚ್ಚಾ ಅಳತೆಗಳನ್ನು ಎಲ್ಲರಿಗೂ ತೆರೆದಿಟ್ಟ ಮೇಲೆ ಈ ಕೆಲಸ ಭರದಿಂದ ಬೆಳೆಯಿತು.

ಆದರೆ ಕೋಡು ಅಣ್ಣನವರೇ, ಮಸುಕಾದದ್ದು ಸ್ಪಷ್ಟವಾಗುತ್ತದೆ ಎಂದಿರಲ್ಲ, ಆ ಸ್ಪಷ್ಟತೆ ಎಲ್ಲಿಂದ ಬಂತು? ಆ ರೋಗಿಯಿಂದಲೇ ಬಂತೋ, ನಿಮ್ಮ ಜಾಲ ಹಿಂದೆ ನೋಡಿದ ಸಾವಿರ ರೋಗಿಗಳಿಂದ ಬಂತೋ? 2020ರಲ್ಲಿ ಒಂದು ಪ್ರಬಂಧ ಬಂದಿತ್ತು. ಅಳತೆಯಲ್ಲಿ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ ಮಾಡಿದರೆ ಕೆಲವು ಜಾಲಗಳ ಚಿತ್ರ ಪೂರ್ತಿ ಕೆಡುತ್ತದೆ, ಸಣ್ಣ ಗಡ್ಡೆಯಂಥದ್ದು ಇದ್ದರೂ ಕೆಲವೊಮ್ಮೆ ಒರೆಸಿಹೋಗುತ್ತದೆ ಎಂದು ಅವರು ತೋರಿಸಿದರು. ಗದ್ದಲದಿಂದ, ಅಂದರೆ ಬೇಡದ ಚುಕ್ಕೆಗಳಿಂದ, ತುಂಬಿದ ಚಿತ್ರ ಕಂಡರೆ ವೈದ್ಯರು ಅನುಮಾನ ಪಡುತ್ತಾರೆ. ನುಣ್ಣಗಿರುವ ಚಿತ್ರವನ್ನು ಯಾರೂ ಅನುಮಾನಿಸುವುದಿಲ್ಲ, ನನಗೆ ಹೆದರಿಕೆ ಇರುವುದು ಅಲ್ಲಿಯೇ. ಚಿತ್ರದ ಜೊತೆಗೆ ‘ಈ ಭಾಗದ ಬಗ್ಗೆ ನನಗೆ ಖಾತ್ರಿಯಿಲ್ಲ’ ಎಂದು ಯಂತ್ರವೇ ಹೇಳುವಂತೆ ಮಾಡುವುದು ಈಗ ದೊಡ್ಡ ಸಂಶೋಧನೆ.

ಇನ್ನೊಂದು ದಿಕ್ಕು ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದಂತಿದೆ. ನಾವು ಬಳಸುವ ಯಂತ್ರದ ಕಾಂತದ ಬಲ 1.5 ಟೆಸ್ಲಾ. 2024ರಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದವರು 0.05 ಟೆಸ್ಲಾದಲ್ಲಿ ಇಡೀ ದೇಹದ ಸ್ಕ್ಯಾನ್ ಮಾಡಿ ತೋರಿಸಿದರು. ಮನೆಯ ಸಾಮಾನ್ಯ ಪ್ಲಗ್ಗಿಗೆ ಹಾಕಬಹುದು, ಸುತ್ತ ತಾಮ್ರದ ಕೋಣೆಯೂ ಬೇಡ. ಹೊರಗಿನ ರೇಡಿಯೋ ಗದ್ದಲವನ್ನು ಪಕ್ಕದಲ್ಲಿಟ್ಟ ಸುರುಳಿಗಳಿಂದ ಅಳೆದು, ಕಲಿತ ಜಾಲದಿಂದ ಕಳೆಯುತ್ತಾರೆ. ಮಣಿಪಾಲಕ್ಕೂ ಹುಬ್ಬಳ್ಳಿಗೂ ಓಡುವ ಊರಿನವರು ನಾವು, ಇದರ ಬೆಲೆ ನಮಗೆ ಬೇಗ ಅರ್ಥವಾಗುತ್ತದೆ.

ಯಲ್ಲಾಪುರ ಕೋಡು:
ಆಸ್ಪತ್ರೆಯ ವಿಷಯದಲ್ಲಿ ಒಪ್ಪಿದೆ, ಅಕ್ಕ. ಬೇರೆ ಕಡೆ ಇಷ್ಟು ಮಡಿ ಬೇಕಾಗಿಲ್ಲ ಎಂಬುದು ನನ್ನ ಮಾತು.

ಬೈತಖೋಲ ಬೋಟು:
ನಮ್ಮದು ಟ್ರಾಲ್ ಬೋಟು. ಹಳೆಯ ಮೀನು ಹುಡುಕುವ ಯಂತ್ರದಲ್ಲಿ ತಳದ ಹತ್ತಿರವಿದ್ದ ಮೀನು ತಳಕ್ಕೇ ಅಂಟಿದಂತೆ ಒಂದೇ ಕೆಂಪು ಪಟ್ಟಿಯಾಗಿ ಕಾಣುತ್ತಿತ್ತು. ಎರಡು ವರ್ಷದ ಹಿಂದೆ ಚಿರ್ಪ್ ಯಂತ್ರ ಹಾಕಿಸಿದೆವು. ಈಗ ತಳ ಬೇರೆ, ಅದರ ಮೇಲೆ ಮೀನು ಬೇರೆ. ಬೋಟು ನಡೆಸುವ ನಮ್ಮ ತಾಂಡೇಲರಿಗೆ ಮೊದಲ ವಾರ ನಂಬಿಕೆಯೇ ಬರಲಿಲ್ಲ. ಪರದೆ ಒಂದೇ ಅಳತೆಯದು, ಒಳಗೆ ಏನು ಬದಲಾಯಿತು?

ಕುಮಟಾ ಮಾಸ್ತರು:
ಒಳ್ಳೆಯ ಪ್ರಶ್ನೆ ತಂದಿರಿ. ಹಳೆಯ ಯಂತ್ರ 50 ಅಥವಾ 200 ಕಿಲೋಹರ್ಟ್ಸಿನ ಒಂದೇ ಸ್ವರವನ್ನು ಕೂಗುತ್ತದೆ. ಕೂಗು ಒಂದು ಮಿಲಿಸೆಕೆಂಡು ಇದ್ದರೆ, ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್ ಆದ್ದರಿಂದ, ಮುಕ್ಕಾಲು ಮೀಟರಿಗಿಂತ ಹತ್ತಿರವಿರುವ ಎರಡು ವಸ್ತುಗಳ ಪ್ರತಿಧ್ವನಿ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಕೂಗನ್ನು ಚಿಕ್ಕದು ಮಾಡಿದರೆ ಶಕ್ತಿ ಸಾಲದು, ಆಳಕ್ಕೆ ಮುಟ್ಟುವುದಿಲ್ಲ.

ಚಿರ್ಪ್ ಯಂತ್ರ ಅಷ್ಟೇ ಉದ್ದ ಕೂಗುತ್ತದೆ, ಆದರೆ ಸ್ವರವನ್ನು ಏರಿಸುತ್ತ ಹೋಗುತ್ತದೆ. ಮರಳಿ ಬಂದದ್ದನ್ನು ತಾನು ಕಳಿಸಿದ್ದರ ಜೊತೆ ಸರಿಸಿ ಸರಿಸಿ ಹೋಲಿಸಿದಾಗ, ಸರಿಯಾಗಿ ಕೂತ ಜಾಗದಲ್ಲಿ ಮಾತ್ರ ಚೂಪಾದ ಶಿಖರ ಏಳುತ್ತದೆ. 40 ಕಿಲೋಹರ್ಟ್ಸ್ ಅಗಲ ಸಿಕ್ಕರೆ ಎರಡು ಸೆಂಟಿಮೀಟರಿಗಿಂತ ಕಡಿಮೆ ಅಂತರವನ್ನೂ ಬೇರ್ಪಡಿಸಬಹುದು. ರಾಡಾರಿನವರು 1950-60ರ ದಶಕದಲ್ಲೇ ಕಂಡುಕೊಂಡ ಯುಕ್ತಿ ಇದು. ನಿಮ್ಮ ಬೋಟಿಗೆ ಬಂದದ್ದು ಈಗ, ಏಕೆಂದರೆ ಅಷ್ಟು ಆವೃತ್ತಿಗಳಲ್ಲಿ ಚೆನ್ನಾಗಿ ಕಂಪಿಸುವ ಸಂವೇದಕ ಮತ್ತು ಗುಣಿಸಿ ಕೂಡಿಸುವ ಚಿಪ್ ಅಗ್ಗವಾದದ್ದು ಈಗ.

ತಂಗಿ, ಇಲ್ಲಿ ಎಐ ಇಲ್ಲ ನೋಡು. ಕಳಿಸುವ ಕೂಗನ್ನೇ ಬದಲಿಸಿದರು.

ಗಂಗಾವಳಿ ದಂಡೆ, ಅಂಕೋಲಾ:
ನಾನು ಓದುವುದಷ್ಟೇ, ಬರೆಯುವವನಲ್ಲ. ಇವತ್ತು ಒಂದು ಕೇಳಬೇಕಾಗಿದೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯ ಜೊತೆ ಮನುಷ್ಯರೂ ವಾಹನಗಳೂ ಹೋದವು. ನೆಲದೊಳಗೆ ನೋಡುವ ರಾಡಾರ್ ತಂದರು, ಡ್ರೋನ್ ತಂದರು, ನೀರೊಳಗೆ ಶಬ್ದದಿಂದ ನೋಡುವ ಸೋನಾರ್ ತಂದರು. ದಂಡೆಯ ಮೇಲೆ ನಿಂತು ನೋಡಿದ್ದೇನೆ. ನದಿಯಲ್ಲಿ ಮುಳುಗಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಹೂಳೆತ್ತುವ ಯಂತ್ರ ಬಂದ ಮೇಲೆ. ಇಷ್ಟು ದೊಡ್ಡ ಕಬ್ಬಿಣದ ವಸ್ತು, ಯಾಕೆ ಕಾಣಲಿಲ್ಲ?

ಕುಮಟಾ ಮಾಸ್ತರು:
ನಿಮ್ಮ ಪ್ರಶ್ನೆಯನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದೆ.

ರಾಡಾರಿನ ಅಲೆಗೆ ನೀರೇ ಶತ್ರು. ಒಣ ಮರಳಿನಲ್ಲಿ ಅದು ಹಲವು ಮೀಟರ್ ಇಳಿಯುತ್ತದೆ. ನೆನೆದ ಜೇಡಿಯಲ್ಲಿ ವಿದ್ಯುತ್ ಹರಿಯುವುದರಿಂದ ಅಲೆಯ ಶಕ್ತಿ ಮಣ್ಣಿನಲ್ಲೇ ಬಿಸಿಯಾಗಿ ಕರಗುತ್ತದೆ, ಒಂದೆರಡು ಮೀಟರ್ ದಾಟುವುದೂ ಕಷ್ಟ. ನಮ್ಮ ಕರಾವಳಿಯ ಗುಡ್ಡ ಮೇಲೆ ಜಂಬಿಟ್ಟಿಗೆ, ಕೆಳಗೆ ಜೇಡಿ, ಅದರ ಮೇಲೆ ಜುಲೈ ಮಳೆ. ನದಿಯೊಳಗೆ ಸೋನಾರಿಗೆ ಬೇರೆ ತೊಂದರೆ: ಕೆಸರು ನೀರು, ಭೋರ್ಗರೆಯುವ ಸೆಳವು, ತಳದಲ್ಲಿ ಬಂಡೆ ಮತ್ತು ಮರಗಳ ರಾಶಿ. ಕಬ್ಬಿಣದ ಮೇಲೆ ಮಣ್ಣು ಕೂತರೆ ಪ್ರತಿಧ್ವನಿ ಮಣ್ಣಿನದೇ ಬರುತ್ತದೆ.

ಯಲ್ಲಾಪುರದ ಅಣ್ಣನಿಗೆ ನಾನು ಹೇಳಲು ಹೊರಟದ್ದೂ ಇದೇ. ಅಲೆ ಮರಳಿ ಬಂದೇ ಇಲ್ಲದಿದ್ದರೆ ಯಾವ ಜಾಲವೂ ಅದರಲ್ಲಿ ಲಾರಿಯನ್ನು ಕಾಣಲಾರದು. ಕಂಡಿತೆಂದು ಹೇಳಿದರೆ ಇನ್ನೂ ಕೆಟ್ಟದ್ದು, ಏಕೆಂದರೆ ಮುಳುಗಿ ಹುಡುಕುವವರನ್ನು ತಪ್ಪು ಜಾಗಕ್ಕೆ ಇಳಿಸುತ್ತದೆ.

ಯಲ್ಲಾಪುರ ಕೋಡು:
ಮಾಸ್ತರೇ, ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಗುಡ್ಡ ಕುಸಿಯುವ ಮೊದಲೇ ತಿಳಿಯುವ ದಾರಿ ಇದೆಯೇ? ಉಪಗ್ರಹದ ಬಗ್ಗೆ ಓದಿದ್ದೆ.

ಕುಮಟಾ ಮಾಸ್ತರು:
ಇದೆ, ಮಿತಿಯೊಳಗೆ. ಇಸ್ರೋ ಮತ್ತು ನಾಸಾ ಜಂಟಿಯಾಗಿ ಮಾಡಿದ ರಾಡಾರ್ ಉಪಗ್ರಹ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋಯಿತು. ಅದೂ ಚಿರ್ಪ್ ಕೂಗುವುದೇ, ಬೈತಖೋಲದವರ ಯಂತ್ರದ ದೊಡ್ಡಣ್ಣ. ಹನ್ನೆರಡು ಮೀಟರಿನ ಛತ್ರಿ ಆಂಟೆನಾ, ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗ. ಎರಡು ಸಲದ ಅಲೆಗಳ ಹಂತವನ್ನು, ಅಂದರೆ ಮರಳಿದ ಅಲೆ ತನ್ನ ಏರಿಳಿತದ ಯಾವ ಜಾಗದಲ್ಲಿದೆ ಎಂಬುದನ್ನು, ಹೋಲಿಸಿದರೆ ನೆಲ ಸರಿದದ್ದು ಗೊತ್ತಾಗುತ್ತದೆ. ಹಿಂದಿನ ಹಲವು ಉಪಗ್ರಹಗಳು ಬಳಸುತ್ತಿದ್ದ 5.6 ಸೆಂಟಿಮೀಟರ್ ಅಲೆ ಎಲೆಗಳಿಗೇ ತಾಗಿ ವಾಪಸಾಗುತ್ತದೆ, ಗಾಳಿಗೆ ಎಲೆ ಅಲ್ಲಾಡಿದರೆ ಹೋಲಿಕೆಯೇ ತಪ್ಪುತ್ತದೆ. ನಿಸಾರಿನ ಒಂದು ರಾಡಾರಿನದು 24 ಸೆಂಟಿಮೀಟರ್ ಅಲೆ, ಕಾಡಿನ ಹೊದಿಕೆಯೊಳಗೆ ಹೆಚ್ಚು ಇಳಿಯುತ್ತದೆ. ಘಟ್ಟಕ್ಕೆ ಇದೇ ಬೇಕಾದದ್ದು. ನಿಧಾನವಾಗಿ ಜಾರುವ ಇಳಿಜಾರು ಸಿಗುತ್ತದೆ. ಒಂದು ರಾತ್ರಿಯ ಮಳೆಗೆ ದಿಢೀರನೆ ಬೀಳುವುದು ಹನ್ನೆರಡು ದಿನದ ನಡುವೆ ತಪ್ಪಿಹೋಗಬಹುದು.

ಛತ್ರಿ ಡಿಶ್, ಭಟ್ಕಳ:
ನಮ್ಮ ಟಿವಿ ಛತ್ರಿ ಜೋರು ಮಳೆ ಬಂದ ಕೂಡಲೇ ಚಿತ್ರ ನಿಲ್ಲಿಸುತ್ತದೆ. ಇದಕ್ಕಿಂತ ಒಳ್ಳೆಯ ಮಳೆ ಸೂಚಕ ಯಾವುದಿದೆ?

ಕುಮಟಾ ಮಾಸ್ತರು:
ತಮಾಷೆಗೆ ಹೇಳಿದರೂ ನೀವು ಹೇಳಿದ್ದು ನಿಜವಾದ ಸಂಶೋಧನೆ. ಮೊಬೈಲ್ ಗೋಪುರಗಳ ನಡುವಿನ ಮೈಕ್ರೋವೇವ್ ಸಂಪರ್ಕ ಮಳೆಗೆ ಎಷ್ಟು ಕುಗ್ಗಿತು ಎಂಬುದರಿಂದ ಮಳೆಯ ಪ್ರಮಾಣ ಅಳೆಯಬಹುದೆಂದು 2006ರಲ್ಲಿ ಇಸ್ರೇಲಿನವರು ತೋರಿಸಿದರು. 2023ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಆರನೆಯ ತಲೆಮಾರಿನ ಮೊಬೈಲಿಗೆ ಹಾಕಿಕೊಟ್ಟ ಚೌಕಟ್ಟಿನಲ್ಲಿ ಸಂಪರ್ಕ ಮತ್ತು ಸಂವೇದನೆ ಎರಡನ್ನೂ ಒಂದೇ ಅಲೆಯಿಂದ ಮಾಡುವುದು ಒಂದು ಮುಖ್ಯ ಬಳಕೆ. ಮಳೆಮಾಪಕ ಇಲ್ಲದ ಘಟ್ಟದ ಕೆಲವು ಕಣಿವೆಗಳಲ್ಲೂ ಗೋಪುರ ಇರುತ್ತದೆ.

ಶಿರಸಿ ಸಿಲಿಕಾನ್:
ತಡವಾಗಿ ಬಂದೆ, ಕ್ಷಮಿಸಿ. ಸರ್ಕ್ಯೂಟ್ ಮಾಡುವ ನಾಲ್ಕಾರು ಕಂಪನಿಗಳಲ್ಲಿ ಒಂದರಲ್ಲಿ ನಾನಿದ್ದೇನೆ, ಅಣ್ಣ. ಅನಲಾಗ್ ವಿನ್ಯಾಸ ನನ್ನ ಕೆಲಸ. ಆಯಿ ಪ್ರತಿ ಸಲ ಕೇಳುತ್ತಾಳೆ, ಅಲ್ಲಿ ನೀನು ಮಾಡುವುದೇನು ಎಂದು. ಗದ್ದಲ ಕಡಿಮೆ ಮಾಡುತ್ತೇನೆ ಎಂದರೆ, ಹಾಗಾದರೆ ಮನೆಗೆ ಬಂದಾಗಲೂ ಮಾಡು ಎನ್ನುತ್ತಾಳೆ.

ಈಗಿನ ನಮ್ಮ ದೊಡ್ಡ ತಲೆನೋವು ಲೆಕ್ಕ ಮಾಡುವುದಲ್ಲ, ಸಾಗಣೆ. ಎರಡು ಸಂಖ್ಯೆ ಕೂಡಿಸಲು ಖರ್ಚಾಗುವ ಶಕ್ತಿಗಿಂತ ಆ ಸಂಖ್ಯೆಯನ್ನು ಹೊರಗಿನ ಮೆಮೊರಿಯಿಂದ ತರಲು ಸಾವಿರಾರು ಪಟ್ಟು ಹೆಚ್ಚು ಬೇಕು. ಹುಳಿಗೆ ಚಿಟಿಕೆ ಇಂಗು ಬೇಕೆಂದು ಪ್ರತಿ ಸಲ ಶಿರಸಿ ಪೇಟೆಗೆ ಹೋಗಿ ಬಂದಂತೆ. ಆದ್ದರಿಂದ ಮೆಮೊರಿಯೊಳಗೇ ಗುಣಾಕಾರ ಮಾಡುವ ಸರ್ಕ್ಯೂಟುಗಳ ಮೇಲೆ ಎಲ್ಲರೂ ಬಿದ್ದಿದ್ದಾರೆ. ವೋಲ್ಟೇಜು ಕೊಟ್ಟರೆ ರೋಧಕ ಗುಣಿಸುತ್ತದೆ, ತಂತಿ ಕೂಡಿಸುತ್ತದೆ, ವಿದ್ಯುತ್ತಿನ ನಿಯಮ ಬರೆದ ಓಮ್ ಮತ್ತು ಕಿರ್ಚಾಫ್ ಬಿಟ್ಟಿಯಾಗಿ ದುಡಿಯುತ್ತಾರೆ. ಕಷ್ಟವೆಂದರೆ ಅಂಥ ರೋಧಕದಲ್ಲಿ ನಂಬಬಹುದಾದ ಮಟ್ಟಗಳು ಕಡಿಮೆ. 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಣುಗಳ ಪದರದಿಂದ ಮಾಡಿದ, ನೆನಪಿಡುವ ರೋಧಕವಾದ ಮೆಮ್‌ರಿಸ್ಟರಿನಲ್ಲಿ ಸುಮಾರು 16,500 ಮಟ್ಟಗಳನ್ನು ತೋರಿಸಿದರು. ಪ್ರಯೋಗಾಲಯದಿಂದ ಅಂಗಡಿಗೆ ದಾರಿ ದೂರವಿದೆ, ಆದರೂ ನಾನು ಆ ಪ್ರಬಂಧವನ್ನು ಎರಡು ಸಲ ಓದಿದೆ.

ಎರಡನೆಯದು, ಅನಗತ್ಯವಾದದ್ದನ್ನು ಅಳೆಯದೇ ಇರುವುದು. ಸಾಮಾನ್ಯ ಕ್ಯಾಮೆರಾ ಏನೂ ಆಗದಿದ್ದರೂ ಸೆಕೆಂಡಿಗೆ ಮೂವತ್ತು ಚಿತ್ರ ಕಳಿಸುತ್ತದೆ. 2008ರಲ್ಲಿ ಜ್ಯೂರಿಕ್‌ನವರು 128ಕ್ಕೆ 128 ಬಿಂದುಗಳ ಒಂದು ಸಂವೇದಕದ ವಿವರ ಪ್ರಕಟಿಸಿದರು. ಅದರ ಪ್ರತಿ ಬಿಂದುವೂ ಬೆಳಕು ಬದಲಾದಾಗ ಮಾತ್ರ ಬಾಯಿ ಬಿಡುತ್ತದೆ, ಅಂಗಳದಲ್ಲಿ ಮಲಗಿದ ನಾಯಿಯ ಹಾಗೆ. ತಂಗಿ, ನಿನ್ನ ಮಂಗನ ಕ್ಯಾಮೆರಾಕ್ಕೆ ನಿಜವಾದ ಕಷ್ಟ ಮಂಗವನ್ನು ಗುರುತಿಸುವುದರಲ್ಲಿ ಇರಲಿಲ್ಲ. ಅಡಿಕೆ ಸೋಗೆಯ ನೆರಳಿನಲ್ಲಿ ಸೌರ ಹಲಗೆಗೆ ಬಿಸಿಲೆಲ್ಲಿ? ನಾಣ್ಯದಂಥ ಒಂದು ಚಪ್ಪಟೆ ಬ್ಯಾಟರಿಯಲ್ಲಿ ಸುಮಾರು 225 ಮಿಲಿಆಂಪ್ ಗಂಟೆ. ಒಂದು ಮಿಲಿಆಂಪ್ ಎಳೆದರೆ ಒಂಬತ್ತು ದಿನ. ಕೆಲವು ಮೈಕ್ರೋಆಂಪಿನಲ್ಲಿ ಕಿವಿಗೊಟ್ಟು ಕುಳಿತು, ಸದ್ದು ಬಂದಾಗ ಮಾತ್ರ ಉಳಿದದ್ದನ್ನು ಎಬ್ಬಿಸುವ ಸರ್ಕ್ಯೂಟ್ ಆದರೆ ವರ್ಷಗಟ್ಟಲೆ ಬರುತ್ತದೆ. ಮೂರು ತಂಡಗಳಲ್ಲಿ ಯಾರಾದರೂ ಈ ಲೆಕ್ಕ ಹಾಕಿದ್ದಾರೆಯೇ ಕೇಳು.

ಮತ್ತೆ, ಚಿಪ್ ಮಾಡುವುದು ದೊಡ್ಡವರ ಕೆಲಸ ಎಂಬ ಮಾತು ಹಳೆಯದಾಯಿತು. 2020ರಲ್ಲಿ 130 ನ್ಯಾನೋಮೀಟರಿನಷ್ಟು ಸಣ್ಣ ಗೆರೆ ಮೂಡಿಸುವ ಒಂದು ಚಿಪ್ ಕಾರ್ಖಾನೆಯ ವಿನ್ಯಾಸ ನಿಯಮಗಳೇ ಮುಕ್ತವಾಗಿ ಬಂದವು. ಒಂದೇ ಚಿಪ್ಪನ್ನು ನೂರಾರು ವಿದ್ಯಾರ್ಥಿಗಳು ಹಂಚಿಕೊಂಡು ಮಾಡಿಸುವ ವ್ಯವಸ್ಥೆಗಳಿವೆ. ನಮ್ಮಲ್ಲೂ ಮೊಹಾಲಿಯ ಸೆಮಿಕಂಡಕ್ಟರ್ ಪ್ರಯೋಗಾಲಯದ 180 ನ್ಯಾನೋಮೀಟರ್ ಸಾಲಿನಲ್ಲಿ ಕಾಲೇಜುಗಳ ಚಿಪ್ಪುಗಳು ತಯಾರಾಗುತ್ತಿವೆ. ಸಂವೇದಕದ ಕೆಲಸಕ್ಕೆ 180 ಧಾರಾಳ ಸಾಕು.

ತೋಟದ ಬದಿ, ಶಿರಸಿ:
ದೊಡ್ಡವರ ನಡುವೆ ನಮ್ಮದೊಂದು. ಚಾಲಿಗೆಂದು ಹಣ್ಣಡಿಕೆ ಸಿಪ್ಪೆಸಹಿತ ಅಂಗಳದಲ್ಲಿ ಹರಡಿದೆ. ನಲವತ್ತು ನಲವತ್ತೈದು ದಿನ ಬಿಸಿಲು ಬೇಕು. ಸರಿಯಾಗಿ ಒಣಗದ್ದು ಚೀಲಕ್ಕೆ ಸೇರಿದರೆ ಬೂಷ್ಟು ಹಿಡಿದು ದರ ಬಿತ್ತು. ಒಣಗಿದ್ದು ತಿಳಿಯುವ ಯಂತ್ರ ಇದೆಯೇ? ನನ್ನ ಆಯಿ ಸಿಪ್ಪೆ ಸುಲಿಯದ ಒಂದು ಗೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಒಣಗಿದ ಅಡಿಕೆ ಸಿಪ್ಪೆಯಿಂದ ಬಿಟ್ಟುಕೊಂಡು ಒಳಗೆ ಗಟಗಟ ಎನ್ನುತ್ತದೆ. ಹಸಿ ಇದ್ದರೆ ಸದ್ದಿಲ್ಲ.

ಶಿರಸಿ ಸಿಲಿಕಾನ್:
ಬೆಳಕಿನಿಂದ ನೋಡುವ ದಾರಿ ಇದೆ. ನೀರು 970 ಮತ್ತು 1450 ನ್ಯಾನೋಮೀಟರ್ ಸುತ್ತ ಅವಗೆಂಪು ಬೆಳಕನ್ನು ಹೀರುತ್ತದೆ, 1450ರಲ್ಲಿ ತುಂಬ ಜೋರಾಗಿ. ಆದರೆ ಸಿಲಿಕಾನ್ ಸಂವೇದಕ 1100ರ ಆಚೆ ಕುರುಡು. ಅಲ್ಲಿಗೆ ಇಂಡಿಯಮ್ ಗ್ಯಾಲಿಯಮ್ ಆರ್ಸೆನೈಡ್ ಸಂವೇದಕ ಬೇಕು, ಬೆಲೆ ಕೇಳಿದರೆ ಅಡಿಕೆ ಮಾರಿದರೂ ಸಾಲದು. ಮೇಲಾಗಿ ಬೆಳಕಿಗೆ ಕಾಣುವುದು ಸಿಪ್ಪೆ, ಒಳಗಿನ ಅಡಿಕೆಯಲ್ಲ.

ನಿಮ್ಮ ಆಯಿಯ ವಿಧಾನ ಇದಕ್ಕಿಂತ ಚೆನ್ನಾಗಿದೆ ಭಾವ. ಅಲ್ಲಾಡಿಸಿ ಕೇಳುವುದು ಎಂದರೆ ತಾನೇ ಸಂಕೇತ ಕಳಿಸಿ ಪ್ರತಿಧ್ವನಿ ಅಳೆಯುವುದು. ಕಾಳಿಸಂಗಮ, ಕೇಳಿಸಿಕೊಂಡೆಯಾ?

ಕಾಳಿಸಂಗಮ, ಕಾರವಾರ:
ಕೇಳಿಸಿಕೊಂಡೆ ಅಕ್ಕ. ನಾಳೆ ಬೆಳಗಿನ ಬಸ್ಸಿಗೆ ಮಾವನ ಮನೆಗೆ ಹೋಗುತ್ತೇನೆ.

ಕಾಳಿಸಂಗಮ, ಕಾರವಾರ:
ನಾಲ್ಕು ದಿನದ ವರದಿ. ಅಂಗಳದ ಬೇರೆ ಬೇರೆ ಹರವಿನಿಂದ ಗೋಟು ಆರಿಸಿ, ಒಂದೊಂದನ್ನೇ ತಗಡಿನ ಡಬ್ಬದಲ್ಲಿ ಹಾಕಿ ಅಲ್ಲಾಡಿಸಿ, ಮೊಬೈಲಿನಲ್ಲಿ ಧ್ವನಿ ಹಿಡಿದೆ. ಮಾವನನ್ನು ಬೆನ್ನು ತಿರುಗಿಸಿ ಕೂರಿಸಿ ಕೇಳಿಸಿದರೆ ಅವರು ಪಟಪಟ ಹೇಳುತ್ತಾರೆ. ಮನೆಗೆ ಬಂದು ಮೊಬೈಲಿನದನ್ನು ಕೇಳಿದರೆ ಒಣಗಿದ್ದಕ್ಕೂ ಹಸಿಗೂ ವ್ಯತ್ಯಾಸವೇ ಇಲ್ಲ! ಮೊದಲ ಎರಡು ಗಟಗಟ ಕೇಳಿಸುತ್ತದೆ, ಆಮೇಲೆ ಸದ್ದು ತಾನಾಗಿ ಕುಗ್ಗಿ ಮಾಯವಾಗುತ್ತದೆ. ದೂರದಲ್ಲಿ ಅತ್ತೆ ಮಾತನಾಡಿದ್ದು ಮಾತ್ರ ಸ್ಪಷ್ಟ. ಎರಡು ದಿನ ತಲೆ ಕೆರೆದುಕೊಂಡೆ.

ಯಲ್ಲಾಪುರ ಕೋಡು:
ಅದು ನಮ್ಮವರದ್ದೇ ಕೆಲಸ. ಮೊಬೈಲಿನ ಒಳಗೆ ಗದ್ದಲ ಅಳಿಸುವ ತಂತ್ರಾಂಶ ಇದೆ. ಮನುಷ್ಯರ ಮಾತು ಸಂಕೇತ, ಉಳಿದದ್ದು ಗದ್ದಲ ಎಂದು ಅದಕ್ಕೆ ಕಲಿಸಿರುತ್ತಾರೆ. ನಿನ್ನ ಅಡಿಕೆಯನ್ನು ಗದ್ದಲವೆಂದು ತಿಳಿದು ಒರೆಸಿದೆ. ಹೊನ್ನಾವರದ ಅಕ್ಕ ನಗುತ್ತಿರಬಹುದು.

ಹೊನ್ನಾವರ ಸ್ಕ್ಯಾನಿಂಗ್:
ನಗುತ್ತಿದ್ದೇನೆ.

ಶಿರಸಿ ಸಿಲಿಕಾನ್:
ಕೆಲವು ಧ್ವನಿಮುದ್ರಣ ಆ್ಯಪುಗಳಲ್ಲಿ ಕಚ್ಚಾ ಧ್ವನಿಯನ್ನೇ ಹಿಡಿಯುವ ಆಯ್ಕೆ ಇರುತ್ತದೆ, ಅದನ್ನು ಹಾಕು. ಆಮೇಲೆ ಡಿಜಿಟಲ್ ಹೊರಹರಿವಿನ, ಚಿಪ್ಪಿನ ಮೇಲೇ ಕೆತ್ತಿದ ಸಣ್ಣ ಮೆಮ್ಸ್ ಮೈಕು ತಂದುಕೋ, ಕೆಲವು ನೂರು ರೂಪಾಯಿ. ಡಬ್ಬಕ್ಕೇ ಅಂಟಿಸಿದರೆ ಸುತ್ತಲಿನ ಗದ್ದಲವೂ ಕಡಿಮೆ ಬರುತ್ತದೆ. ಮಾವನ ತೀರ್ಪನ್ನು ಮಾತ್ರ ನೆಚ್ಚಿಕೊಳ್ಳಬೇಡ. ಪ್ರತಿ ಗೋಟನ್ನು ತೂಗಿ, ಕಾಲೇಜಿನ ಒಲೆಯಲ್ಲಿ 105 ಡಿಗ್ರಿಯಲ್ಲಿ ಒಂದು ದಿನ ಇಟ್ಟು, ಮತ್ತೆ ತೂಗಿ ತೇವಾಂಶ ಬರೆದುಕೋ. ಅದಿಲ್ಲದಿದ್ದರೆ ನಿನ್ನ ಯಂತ್ರ ಮಾವನ ತಪ್ಪುಗಳನ್ನೂ ಕಲಿಯುತ್ತದೆ.

ಕುಮಟಾ ಮಾಸ್ತರು:
ತಗಡಿಗೆ ತನ್ನದೇ ಸ್ವರವಿದೆ, ಅದು ಎಲ್ಲದರಲ್ಲೂ ಸೇರುತ್ತದೆ. ಖಾಲಿ ಡಬ್ಬವನ್ನು ಬೆರಳಿನಿಂದ ತಟ್ಟಿ ಮೊದಲು ಅದರದ್ದೊಂದು ಹಿಡಿದಿಟ್ಟುಕೋ. ಆಮೇಲೆ ನಿನ್ನ ಫೂರಿಯೆಯನ್ನು ಕರೆ. ಪ್ರತಿ ಸಲ ಅದೇ ಡಬ್ಬವನ್ನೇ ಬಳಸು, ಬದಲಿಸಬೇಡ.

ಕಾಳಿಸಂಗಮ, ಕಾರವಾರ:
ಡಬ್ಬ ಅತ್ತೆಯ ಅವಲಕ್ಕಿಯದು ಮಾಸ್ತರೇ. ಮೊನ್ನೆಯಿಂದ ಅವಲಕ್ಕಿ ಪಾತ್ರೆಯಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದಾರಂತೆ. ಇವತ್ತು ಫೋನ್ ಮಾಡಿ ಇರುವೆ ಹತ್ತಿದೆ, ಡಬ್ಬ ಯಾವಾಗ ತರುತ್ತೀ ಎಂದು ಕೇಳಿದರು. ಅಂಥದ್ದೇ ಹೊಸತೊಂದು ಕೊಡಿಸಿದರೆ ಸ್ವರ ಒಂದೇ ಇರುತ್ತದೆಯೇ?

ಕುಮಟಾ ಮಾಸ್ತರು:
ಇರುವುದಿಲ್ಲ. ಹೊಸತನ್ನು ಅತ್ತೆಗೆ ಕೊಡು.